ತಟ್ಟೆಯ ಪಕ್ಕದ ಲೋಟ

ಕಳೆದ ಮಳೆಗಾಲದಲ್ಲಿ ಆಲೂರು ಕಡೆಯ ಒಬ್ಬ ತಾಯಿ ನನ್ನ ಮುಂದೆ ಕುಳಿತು ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಬಿಡಿಸಿದರು. ಒಂದು ದಿನ ತಿಂದದ್ದು, ಕುಡಿದದ್ದು ಎಲ್ಲವನ್ನೂ ಗಂಟೆ ಸಮೇತ ಬರೆದು ತನ್ನಿ ಎಂದು ನಾನೇ ಹೇಳಿದ್ದೆ. ಎಸ್ಸೆಸ್ಸೆಲ್ಸಿ ಓದುವ ಮಗಳ ಕೈಯಲ್ಲಿ ಬರೆಸಿದ್ದರು. ಐದೂವರೆಗೆ ಕಾಫಿ. ಎಂಟೂವರೆಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಫಿ. ಒಂದೂವರೆಗೆ ಮುದ್ದೆ, ಹುರುಳಿಕಾಳು ಬಸ್ಸಾರು, ಪಲ್ಯ, ಒಂದು ಹಿಡಿ ಅನ್ನ; ಕೈ ತೊಳೆದ ಕೂಡಲೇ ಕಾಫಿ. ನಾಲ್ಕಕ್ಕೆ ಕಾಫಿ. ರಾತ್ರಿ ಒಂಬತ್ತಕ್ಕೆ ಅನ್ನ, ಸಾರು. ಪಾತ್ರೆ ತೊಳೆದು, ಒಲೆ ಒರೆಸಿದ ಮೇಲೆ ಅರ್ಧ ಲೋಟ ಕಾಫಿ. ಹಾಳೆಯ ಹಿಂದೆ ರಕ್ತ ಪರೀಕ್ಷೆಯ ವರದಿ ಪಿನ್ ಮಾಡಿತ್ತು. ಹಿಮೋಗ್ಲೋಬಿನ್ 8.9.

"ಸೊಪ್ಪು ತಿನ್ನಿ, ಕಾಳು ತಿನ್ನಿ ಎಂದು ಎಲ್ಲರೂ ಹೇಳುತ್ತಾರೆ ಮೇಡಂ. ಹುಟ್ಟಿದಾಗಿನಿಂದ ನಾನು ತಿನ್ನುತ್ತಿರುವುದು ಇನ್ನೇನನ್ನು?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನೋವಿತ್ತು, ನ್ಯಾಯವೂ ಇತ್ತು.

ಗರ್ಭಿಣಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ ಇರಬೇಕು, ಗರ್ಭಿಣಿಗೆ 11. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇವರೆಲ್ಲ ಸೊಪ್ಪು ತಿನ್ನದವರೇ? ಹಾಸನದ ಬಯಲುಸೀಮೆಯ ಅಡುಗೆಮನೆಯನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ರಾಗಿ, ಹುರುಳಿ, ಅವರೆ, ಅಲಸಂದೆ, ದಂಟು, ನುಗ್ಗೆ, ಹೊನಗೊನ್ನೆ ನಮ್ಮಲ್ಲಿ ನಿತ್ಯದ ಊಟ. ಆ ತಾಯಿಯ ತಟ್ಟೆಯಲ್ಲೂ ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಕಬ್ಬಿಣದ ಅಂಶವಿತ್ತು. ಅದು ಹೊಟ್ಟೆಗೆ ಇಳಿಯುತ್ತಿತ್ತು, ರಕ್ತಕ್ಕೆ ಸೇರುತ್ತಿರಲಿಲ್ಲ. ನಾನು ಪೆನ್ನು ತೆಗೆದುಕೊಂಡು ಹಾಳೆಯ ಮೇಲಿನ ಐದು ಕಾಫಿಗಳಲ್ಲಿ ಮೂರಕ್ಕೆ ಸುತ್ತು ಹಾಕಿದೆ: ತಿಂಡಿಯ ಜೊತೆಯದು, ಮಧ್ಯಾಹ್ನದ ಊಟವಾದ ಕೂಡಲೇ ಕುಡಿದದ್ದು, ರಾತ್ರಿಯದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಂಸದಲ್ಲಿರುವ ಕಬ್ಬಿಣದ ಒಂದು ಪಾಲನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಸೊಪ್ಪು, ಧಾನ್ಯಗಳದ್ದು ಬೇರೆ ಬಗೆ; ಜೊತೆಗೆ ಏನಿದೆ ಎನ್ನುವುದರ ಮೇಲೆ ಅದರ ಹಣೆಬರಹ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಲ್ಲಿ ದುಡಿಯುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದಿದೆ, ಗಂಡಸಿಗೆ 19. ಹೆಂಗಸಿನ ದೇಹಕ್ಕೆ ದಿನವೊಂದಕ್ಕೆ ಕೂಡಬೇಕಾದದ್ದು ಮೂರು ಮಿಲಿಗ್ರಾಮಿಗೂ ಕಡಿಮೆ. ಆದರೂ 29 ಎಂದು ಬರೆದಿರುವುದು ಏಕೆಂದರೆ, ನಮ್ಮ ಬಗೆಯ ಊಟದಿಂದ ರಕ್ತಕ್ಕೆ ಸೇರುವ ಪಾಲು ಅಷ್ಟು ಚಿಕ್ಕದು. ಆ ಚಿಕ್ಕ ಪಾಲಿಗೂ ಅಡ್ಡ ಬರುವುದು ಕಾಫಿ ಮತ್ತು ಚಹಾದಲ್ಲಿರುವ ಪಾಲಿಫಿನಾಲ್ ಎಂಬ ಒಗರು ರಾಸಾಯನಿಕಗಳು. ಅವು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದು ಗಂಟು ಹಾಕಿಬಿಡುತ್ತವೆ. ಆ ಗಂಟನ್ನು ಹೀರಿಕೊಳ್ಳಲು ಕರುಳಿಗೆ ಆಗುವುದಿಲ್ಲ.

1983ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಇಂದಿಗೂ ನನ್ನ ಬಳಿ ಬರುವವರಿಗೆ ಹೇಳುತ್ತೇನೆ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ. 39ರಷ್ಟು ಇಳಿಯಿತು, ಚಹಾ ಕುಡಿದಾಗ ಶೇ. 64ರಷ್ಟು. ಕಾಫಿ ಗಟ್ಟಿಯಾದಷ್ಟೂ ಇಳಿತ ಹೆಚ್ಚು. ಊಟವಾಗಿ ಒಂದು ಗಂಟೆಯ ಮೇಲೆ ಕಾಫಿ ಕುಡಿದರೂ ಪರಿಣಾಮ ಊಟದ ಜೊತೆ ಕುಡಿದಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಮಾತ್ರ ಯಾವ ಇಳಿತವೂ ಕಾಣಲಿಲ್ಲ.

ಈ ಕೊನೆಯ ಮಾತು ನಮ್ಮ ಸೀಮೆಗೆ ದೊಡ್ಡ ಸಮಾಧಾನ. ಬಾಬಾಬುಡನ್‌ಗಿರಿಯ ನೆರಳಿನಲ್ಲಿ ಬದುಕುವವರಿಗೆ ಕಾಫಿ ಬಿಡಿ ಎಂದು ಹೇಳುವುದು ತಪ್ಪು, ಹೇಳಿದರೂ ಯಾರೂ ಬಿಡುವುದಿಲ್ಲ. ಬಿಡುವ ಅಗತ್ಯವೂ ಇಲ್ಲ. ಕೋಳಿ ಕೂಗುವ ಹೊತ್ತಿನ ಆ ಮೊದಲ ಕಾಫಿ, ತಿಂಡಿಗೆ ಮೂರು ಗಂಟೆ ಮುಂಚೆ ಬಚ್ಚಲ ಒಲೆಯ ಮುಂದೆ ಕುಳಿತು ಕುಡಿಯುವ ಕಾಫಿ, ಯಾವ ತುತ್ತಿನ ಕಬ್ಬಿಣವನ್ನೂ ಕಸಿಯುವುದಿಲ್ಲ. ಸಂಜೆ ನಾಲ್ಕರದ್ದೂ ಸರಿಯೇ. ತಿಂಡಿಯ ಜೊತೆಯ ಲೋಟವನ್ನು ತಿಂಡಿಗೆ ಒಂದು ಗಂಟೆ ಮೊದಲಿಗೆ ತನ್ನಿ, ಮಧ್ಯಾಹ್ನದ್ದನ್ನು ಊಟವಾದ ಎರಡು ಗಂಟೆಗೆ ಮುಂದೂಡಿ ಎಂದಷ್ಟೇ ನಾನು ಕೇಳುವುದು. ರಾತ್ರಿಯದನ್ನು ಬಿಟ್ಟರೆ ನಿದ್ದೆಗೂ ಒಳ್ಳೆಯದು. ಹಾಲು ಜಾಸ್ತಿ ಹಾಕಿದರೆ ತೊಂದರೆ ತಪ್ಪುತ್ತದೆ ಎಂದು ಕೆಲವರು ನಂಬುತ್ತಾರೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಲ್ಲದ ಕಾಫಿಯಿಂದ ರಕ್ತ ಹೆಚ್ಚುತ್ತದೆ ಎನ್ನುವ ಮಾತೂ ಮಲೆನಾಡಿನಲ್ಲಿ ಬಳಕೆಯಲ್ಲಿದೆ. ಹತ್ತು ಗ್ರಾಂ ಬೆಲ್ಲದಲ್ಲಿ ಇರುವ ಕಬ್ಬಿಣ ಅರ್ಧ ಮಿಲಿಗ್ರಾಮಿನ ಆಸುಪಾಸು; ಅದನ್ನೂ ಕಾಫಿಯಲ್ಲೇ ಕರಗಿಸಿದ ಮೇಲೆ ಲೆಕ್ಕಕ್ಕೆ ಉಳಿಯುವುದು ಬಹಳ ಕಡಿಮೆ.

ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಹಣ್ಣು ಕುಯ್ಯುವ ಹೆಂಗಸರ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಹತ್ತು ಗಂಟೆಗೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಾಗ ಜೊತೆಗೆ ಇರುವುದು ಹಾಲಿಲ್ಲದ ಗಟ್ಟಿ ಚಹಾ. ದಿನದ ಮುಖ್ಯ ಆಹಾರದ ಮೇಲೆಯೇ ಅದು ಬೀಳುತ್ತದೆ. ತೋಟದ ಮಾಲೀಕರಲ್ಲಿ ಇದನ್ನು ಓದುವವರಿದ್ದರೆ ಒಂದು ವಿನಂತಿ: ಆ ಚಹಾವನ್ನು ಕೆಲಸಕ್ಕೆ ಇಳಿಯುವ ಮುಂಚೆ ಕೊಡಿ, ಬುತ್ತಿಯ ಹೊತ್ತಿಗೆ ನಿಂಬೆಹಣ್ಣು ಹಿಂಡಿದ ನೀರು ಕೊಡಿ. ನಿಮಗೆ ಖರ್ಚಾಗುವುದು ಕೆಲವು ನಿಂಬೆಹಣ್ಣು.

ಈಗ ಬಸ್ಸಾರಿನ ವಿಚಾರ. ಅದೇ ತಾಯಿಯ ಮನೆಗೆ ನಾನು ಒಂದು ಭಾನುವಾರ ಹೋಗಿದ್ದೆ, ಅವರೇ ಕರೆದಿದ್ದರು. ಹಿತ್ತಲಿನಿಂದ ಬೆರಕೆ ಸೊಪ್ಪು ಕಿತ್ತು ತಂದು, ಮೊದಲು ಮೂರು ನೀರಿನಲ್ಲಿ ಜಾಲಾಡಿಸಿ ಆಮೇಲೆ ಹೆಚ್ಚಿದರು. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಸತ್ವ ಬಚ್ಚಲು ಸೇರುತ್ತದೆ. ಆ ಕ್ರಮ ಅವರಿಗೆ ಅತ್ತೆಯಿಂದ ಬಂದದ್ದು. ರಾತ್ರಿ ನೆನೆಸಿದ್ದ ಹುರುಳಿ ಅಷ್ಟು ಹೊತ್ತಿಗೆ ಮುಕ್ಕಾಲು ಬೆಂದಿತ್ತು. ಅದರ ಮೇಲೆ ಸೊಪ್ಪು, ಉಪ್ಪು ಹಾಕಿ, ಎರಡು ಕುದಿ ಬಂದ ಮೇಲೆ ತಟ್ಟೆ ಅಡ್ಡ ಹಿಡಿದು ಕಟ್ಟನ್ನು ಬೇರೆ ಪಾತ್ರೆಗೆ ಬಸಿದರು. ಆ ಕಟ್ಟಿನ ಬಣ್ಣ ನೋಡಬೇಕು, ಕಂದು ಹಸಿರು, ಮೇಲೆ ಹುರುಳಿಯ ಹೊಳಪು. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಹುರಿದು, ಕಾಯಿತುರಿ, ಕೊತ್ತಂಬರಿ ಬೀಜ, ಹುಣಸೆಹಣ್ಣಿನ ಜೊತೆ ಬೆಂದ ಕಾಳುಸೊಪ್ಪಿನ ಒಂದು ಹಿಡಿಯನ್ನೂ ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರು. ಉಳಿದ ಕಾಳುಸೊಪ್ಪು ಒಗ್ಗರಣೆಯಲ್ಲಿ ಬಾಡಿ ಪಲ್ಯವಾಯಿತು.

ಇದರಲ್ಲಿ ಒಂದು ಹನಿಯೂ ವ್ಯರ್ಥವಾಗಲಿಲ್ಲ. ಸೊಪ್ಪಿನಿಂದ, ಕಾಳಿನಿಂದ ನೀರಿಗೆ ಇಳಿದ ಖನಿಜಗಳು, ಬಿ ಗುಂಪಿನ ವಿಟಮಿನ್‌ಗಳು ಸಾರಿಗೇ ಬಂದವು. ಪಟ್ಟಣದ ಕೆಲವು ಮನೆಗಳಲ್ಲಿ ಸೊಪ್ಪನ್ನು ಬೇಯಿಸಿ, ಹಸಿರು ನೀರನ್ನು ಸಿಂಕಿಗೆ ಸುರಿದು, ಹಿಂಡಿದ ಸೊಪ್ಪನ್ನು ಮಾತ್ರ ಬಳಸುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಹುರಿದ ಈರುಳ್ಳಿ, ಬೆಳ್ಳುಳ್ಳಿಯೂ ಬರೀ ರುಚಿಗಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಾಲಯದ ಅಧ್ಯಯನದಲ್ಲಿ, ಧಾನ್ಯ ಮತ್ತು ಕಾಳುಗಳ ಜೊತೆ ಈರುಳ್ಳಿ ಅಥವಾ ಬೆಳ್ಳುಳ್ಳಿ ಸೇರಿಸಿದಾಗ ಅವುಗಳ ಕಬ್ಬಿಣ ಮತ್ತು ಸತು ಹೆಚ್ಚು ಬಿಡುಗಡೆಯಾಗುವುದು ಕಂಡುಬಂದಿದೆ.

ಆ ಅಡುಗೆಯಲ್ಲಿ ನಾನು ಬದಲಿಸಿ ಎಂದದ್ದು ಎರಡೇ. ಮೊದಲನೆಯದು, ನೆನೆಸಿದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಇನ್ನೊಂದು ದಿನ ಮೊಳಕೆ ಬರಿಸುವುದು. ಕಾಳು ತನ್ನ ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟಿರುತ್ತದೆ, ಅದೂ ಕಬ್ಬಿಣವನ್ನು ಹಿಡಿದಿಡುತ್ತದೆ. ಮೊಳೆಯುವಾಗ ಕಾಳು ತಾನೇ ಆ ಆಮ್ಲವನ್ನು ಒಡೆದು ಬಳಸಿಕೊಳ್ಳುತ್ತದೆ, ಜೊತೆಗೆ ವಿಟಮಿನ್ ಸಿ ಕೂಡ ಹುಟ್ಟುತ್ತದೆ. ರಾಗಿಗೂ ಇದೇ ಮಾತು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ನಾಲ್ಕೂವರೆ ಮಿಲಿಗ್ರಾಮಿನಷ್ಟು ಕಬ್ಬಿಣ ಇದೆ, ಆದರೆ ಸಿಪ್ಪೆಯಲ್ಲಿ ಫೈಟಿಕ್ ಆಮ್ಲ, ಪಾಲಿಫಿನಾಲ್ ಎರಡೂ ಹೆಚ್ಚು. ಮುದ್ದೆ ನುಣುಪಾಗಲೆಂದು ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಿದರೆ ಸಿಪ್ಪೆಯ ಜೊತೆ ಖನಿಜವೂ ಹೋಗುತ್ತದೆ. ಅದಕ್ಕಿಂತ ಐದು ಕಿಲೋದಲ್ಲಿ ಒಂದೆರಡು ಕಿಲೋ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಉಳಿದದ್ದರ ಜೊತೆ ಗಿರಣಿಗೆ ಹಾಕಿಸಿ.

ಎರಡನೆಯದು ಹುಳಿ. ನಿಂಬೆರಸದ ವಿಟಮಿನ್ ಸಿ ಕಾಳುಸೊಪ್ಪಿನ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪದಲ್ಲಿ ಉಳಿಸುತ್ತದೆ, ಆದರೆ ಅದು ಬಿಸಿಗೆ ನಾಶವಾಗುತ್ತದೆ. ಕುದಿಯುವ ಪಾತ್ರೆಗೆ ಹಿಂಡಿದರೆ ರುಚಿ ಉಳಿಯುತ್ತದೆ, ಸತ್ವ ಉಳಿಯುವುದಿಲ್ಲ. ತಟ್ಟೆಗೆ ಬಡಿಸಿಕೊಂಡ ಮೇಲೆ ಪಲ್ಯಕ್ಕೆ ಅರ್ಧ ಹೋಳು ಹಿಂಡಿಕೊಳ್ಳಿ. ನಿಂಬೆಯೇ ಆಗಬೇಕೆಂದಿಲ್ಲ. ಮಲೆನಾಡಿನಲ್ಲಿ ಗಜನಿಂಬೆ ಇದೆ, ನೆಲ್ಲಿಕಾಯಿಯ ಹಸಿ ಚಟ್ನಿ ಇದೆ. ಹಿತ್ತಲಿನಲ್ಲಿ ಸೀಬೆ ಗಿಡ ಇದ್ದವರು ಊಟವಾದ ಕೂಡಲೇ ಒಂದು ಸೀಬೆಹಣ್ಣು ತಿನ್ನಿ, ಅಂಗಡಿಯ ಕಿತ್ತಳೆಗಿಂತ ಅದರಲ್ಲಿ ವಿಟಮಿನ್ ಸಿ ಎಷ್ಟೋ ಪಟ್ಟು ಹೆಚ್ಚು.

ಬೀಟ್‌ರೂಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಬಣ್ಣ ಕೆಂಪು, ಕಬ್ಬಿಣ ನೂರು ಗ್ರಾಮಿಗೆ ಒಂದು ಮಿಲಿಗ್ರಾಮಿಗೂ ಕಡಿಮೆ. ಇಷ್ಟವಿದ್ದರೆ ತಿನ್ನಿ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ಗೊಜ್ಜಿನಂಥ ಹುಳಿಯ, ನೀರಿರುವ ಅಡುಗೆ ಮಾಡಿದರೆ ಪಾತ್ರೆಯ ಕಬ್ಬಿಣ ಸ್ವಲ್ಪ ಇಳಿದು ಬರುತ್ತದೆ. ಒಣ ರೊಟ್ಟಿ ಬೇಯಿಸುವ ಹಂಚಿನಿಂದ ಅಷ್ಟು ಬರುವುದಿಲ್ಲ. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಬೇರೆ ಬಣ್ಣದ ಕೆಲವು ಕಾಳು ಕಂಡಾಗ ಪ್ಲಾಸ್ಟಿಕ್ ಎಂದು ಹೆದರಿ ಮೊರದಲ್ಲಿ ಆರಿಸಿ ಎಸೆಯುವವರಿದ್ದಾರೆ. ಅದು ಅಕ್ಕಿಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಚ್ಚು ಹಾಕಿದ ಕಾಳು, ನೂರು ಕಿಲೋ ಅಕ್ಕಿಗೆ ಒಂದು ಕಿಲೋದ ಲೆಕ್ಕದಲ್ಲಿ ಸೇರಿಸುತ್ತಾರೆ. ಆರಿಸಿ ಎಸೆದರೆ ಎಸೆದದ್ದು ಅದೇ ಸತ್ವವನ್ನು.

ಇದೆಲ್ಲ ಅಡುಗೆಮನೆಯ ಮಟ್ಟಿಗೆ. 8.9 ಇರುವವರು ಅಡುಗೆಯೊಂದರಿಂದ ಮೇಲೆ ಬರುವುದಿಲ್ಲ, ವೈದ್ಯರನ್ನು ಕಾಣಲೇಬೇಕು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆಯೇ, ಬರಿಗಾಲಿನಲ್ಲಿ ಓಡಾಡಿ ಕೊಕ್ಕೆಹುಳು ಸೇರಿದೆಯೇ, ಬಿ12 ಕೊರತೆ ಇದೆಯೇ ಎಂದು ಮೊದಲು ತಿಳಿಯಬೇಕು. ಆ ತಾಯಿಗೆ ವೈದ್ಯರು ಮೊದಲೇ ಕಬ್ಬಿಣದ ಮಾತ್ರೆ ಬರೆದಿದ್ದರು, ಎರಡು ತಿಂಗಳು ನುಂಗಿದ್ದರು. ಯಾವುದರ ಜೊತೆ ಎಂದು ಕೇಳಿದೆ. "ಮರೆತುಹೋಗಬಾರದೆಂದು ತಿಂಡಿಯ ಕಾಫಿಯ ಜೊತೆಯೇ ನುಂಗುತ್ತಿದ್ದೆ" ಎಂದರು. ಇದನ್ನು ನಾನು ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನೂ ಎಷ್ಟೋ ಮನೆಗಳಲ್ಲಿ ಹಾಲಿನ ಜೊತೆ ಕೊಡುತ್ತಾರೆ, ಪ್ರೀತಿಯಿಂದಲೇ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ. ಮಾತ್ರೆಯನ್ನು ನೀರಿನಲ್ಲಿ ನುಂಗಿ, ನಿಂಬೆಹಣ್ಣಿನ ಶರಬತ್ತಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಗಾದರೆ ಗಾಬರಿಯಾಗಬೇಡಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಆ ಭಾನುವಾರ ಊಟಕ್ಕೆ ಮೊದಲು ಮಾವ, ಗಂಡ, ಮಗ, ನಾನು ಕುಳಿತೆವು. ಆಮೇಲೆ ಅತ್ತೆ ಮತ್ತು ಮಗಳು. ಕೊನೆಗೆ ಆ ತಾಯಿ ಕುಳಿತಾಗ ಪಲ್ಯದ ಬಾಣಲೆಯಲ್ಲಿ ಉಳಿದಿದ್ದದ್ದು ಒಂದು ಚಮಚ. ಮುದ್ದೆ ಇತ್ತು, ಸಾರು ಇತ್ತು, ಕಾಳು ಮತ್ತು ಸೊಪ್ಪು ಇರಲಿಲ್ಲ. ಹಾಳೆಯಲ್ಲಿ ಬರೆದಿದ್ದ 'ಪಲ್ಯ' ಎಂದರೆ ಎಷ್ಟು ಎಂದು ನನಗೆ ಅಂದು ಅರ್ಥವಾಯಿತು. ಬಡಿಸುವ ಮೊದಲೇ ನಿಮ್ಮ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡಿ ಎಂದೆ. ಅವರಿಗೆ ಸಂಕೋಚವಾಯಿತು. ಅತ್ತೆಯೇ ಎದ್ದು ಹೋಗಿ ಸ್ಟೀಲಿನ ಒಂದು ಬಟ್ಟಲು ತಂದು ಒಲೆಯ ಕಟ್ಟೆಯ ಮೇಲೆ ಇಟ್ಟರು. "ನಾಳೆಯಿಂದ ಇದು ನಿನ್ನದಮ್ಮ" ಎಂದರು.

ನಾಲ್ಕು ತಿಂಗಳ ಮೇಲೆ ಎರಡನೇ ಹಾಳೆ ಬಂತು, ಅದೇ ಮಗಳ ಅಕ್ಷರ. ಮಧ್ಯಾಹ್ನದ ಕಾಫಿಯ ಮುಂದೆ ಮೂರೂವರೆ ಎಂದಿತ್ತು, ರಾತ್ರಿಯದು ಇರಲಿಲ್ಲ, ಮಾತ್ರೆ ಮಲಗುವ ಮುಂಚೆ ನೀರಿನ ಜೊತೆ. ಹಿಮೋಗ್ಲೋಬಿನ್ 11.2. ಇನ್ನೂ ಸ್ವಲ್ಪ ದೂರವಿದೆ. ಹಾಳೆ ಮಡಚಿ ಕೊಡುವಾಗ, ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಆ ಹುಡುಗಿಯನ್ನು ಬೆಳಗ್ಗೆ ಏನು ತಿಂದು ಬಂದೆ ಎಂದು ಕೇಳಿದೆ. "ಏಳೂವರೆಯ ಬಸ್ಸಿಗೆ ಹೊರಡಬೇಕಲ್ಲ ಮೇಡಂ, ಚಹಾ, ನಾಲ್ಕು ಬಿಸ್ಕತ್ತು" ಎಂದಳು. ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಅವಳ ರಕ್ತ ಪರೀಕ್ಷೆಗೂ ಅಂದೇ ಚೀಟಿ ಬರೆಸಿದೆ, ಹಾಳೆ ಬರೆಯಲು ಅವಳಿಗೆ ಯಾರೂ ಬೇಕಿಲ್ಲ.