ಅಸಲಿ ಶೆವೆಲ್‌ಗೆ ಗೆರೆಗಳೇ ಸಾಕ್ಷಿ

ಅಮೆರಿಕದ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರುಗಳ ಪೈಕಿ 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್) 454ಗೆ ಭಾರೀ ಹೆಸರು. ಅದರ ಎಲ್‌ಎಸ್6 ಎಂಜಿನ್ 454 ಘನ ಇಂಚಿನದು, ಅಂದರೆ 7.4 ಲೀಟರ್, ಕಂಪನಿ ಹೇಳಿದ ಶಕ್ತಿ 450 ಎಚ್‌ಪಿ. ಈಗಿನ ಬೆಲೆ ನೋಡಿ ಶೆವೆಲ್‌ನದೇ ಸಾದಾ ಮಾದರಿಯಾದ ಮಲಿಬುಗೆ ಎಸ್‌ಎಸ್ ಬ್ಯಾಡ್ಜು ಅಂಟಿಸಿ, ದೊಡ್ಡ ಎಂಜಿನ್ ಕೂರಿಸುವವರಿಗೇನೂ ಕೊರತೆಯಿಲ್ಲ. ಹಾಗೆಂದು ಹೇಳಿಯೇ ಮಾರಿದರೆ ನನ್ನದೇನೂ ತಕರಾರಿಲ್ಲ, ಓಡಿಸುವ ಮಜಾ ಅದರಲ್ಲೂ ಇದೆ. ಅಸಲಿ ಎಂದು ಮಾರಿದಾಗಲೇ ರಗಳೆ.

ಮುಂದಿನ ಗಾಜಿನ ಕೆಳಗೆ ಕಾಣುವ ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್, ಇಲ್ಲಿ ಬಾಯಿ ಬಿಡುವುದಿಲ್ಲ. 1966ರಿಂದ 68ರವರೆಗೆ ಎಸ್‌ಎಸ್ 396 ಪ್ರತ್ಯೇಕ ಮಾದರಿಯಾಗಿತ್ತು, ಅದರ ನಂಬರ್ 138ರಿಂದ ಶುರು. 1969ರಲ್ಲಿ ಎಸ್‌ಎಸ್ ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಪ್ಯಾಕೇಜ್ ಆಯಿತು. ಹಾಗಾಗಿ 1970ರ ಕಾರಿನ ಮೇಲೆ 136 ಎಂದಿದ್ದರೆ ಅದು ವಿ8 ಮಲಿಬು ಎಂದಷ್ಟೇ ಗೊತ್ತಾಗುತ್ತದೆ.

ಇನ್ನು ಬಾನೆಟ್ ಎತ್ತಲೇಬೇಕು. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಪುಟ್ಟದೊಂದು ಸಮತಟ್ಟು ಜಾಗವಿದೆ. ಅಲ್ಲಿ ‘ಟಿ0318ಸಿಆರ್‌ವಿ’ ಎಂದು ಪಂಚ್ ಆಗಿದ್ದರೆ, ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಕಾರ್ಖಾನೆಯಲ್ಲಿ ಮಾರ್ಚ್ 18ರಂದು ಜೋಡಿಸಿದ, ಮ್ಯಾನುಯಲ್ ಗೇರಿನ ಎಲ್‌ಎಸ್6 ಎಂದರ್ಥ. ಬ್ಲಾಕ್ ಎರಕ ಹೊಯ್ದ ದಿನ ಬೇರೆ ಕಡೆ ಉಬ್ಬಕ್ಷರದಲ್ಲಿರುತ್ತದೆ: ‘ಸಿ 5’ ಎಂದರೆ ಮಾರ್ಚ್ 5. ಮೊದಲು ಎರಕ, ಆಮೇಲೆ ಜೋಡಣೆ, ಕೊನೆಗೆ ಕಾರು. ಏಪ್ರಿಲ್‌ನಲ್ಲಿ ಎರಕ ಹೊಯ್ದ ಬ್ಲಾಕ್ ಮಾರ್ಚ್ ತಿಂಗಳ ಕಾರಿನಲ್ಲಿ ಕೂತಿದ್ದರೆ ಮಾತೇ ಬೇಡ.

ಅಂಕಿಗಳನ್ನು ಉಜ್ಜಿ ಹೊಸದಾಗಿ ಪಂಚ್ ಮಾಡಿದ್ದರೆ? ಟಾರ್ಚನ್ನು ಓರೆಯಾಗಿ ಹಿಡಿದು ಆ ಜಾಗ ನೋಡಬೇಕು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಎಂಬ ಹಲ್ಲುಗಳ ಸಾಲಿನ ಉಪಕರಣ ನೇರವಾಗಿ ಕೆತ್ತಿ ಸಾಗುತ್ತಿತ್ತು. ಅದು ಬಿಟ್ಟ ಕೂದಲೆಳೆಯ ಸಮಾನಾಂತರ ಗೆರೆಗಳು ಎಂಜಿನ್ನಿನ ಉದ್ದಕ್ಕೆ ಇರುತ್ತವೆ. ತಿರುಗುವ ಮಿಲ್ಲಿಂಗ್ ಕಟರ್ ಬಿಡುವುದು ಕಮಾನಿನಂಥ ಗೆರೆ. ಮರಳುಕಾಗದ ಬಿಡುವುದು ಅಡ್ಡಾದಿಡ್ಡಿ ಗೀರು. ಹೆಡ್ ಕೂರುವ ಮೇಲ್ಮೈಯನ್ನು ರಿಪೇರಿಗೆಂದು ಪ್ರಾಮಾಣಿಕವಾಗಿ ಕೆತ್ತಿಸಿದರೂ ಹಳೆ ಗೆರೆ ಹೋಗಿಬಿಡಬಹುದು ಎನ್ನುವುದು ನಿಜ. ಗೆರೆಯನ್ನೂ ನಕಲು ಮಾಡುವ ಕೈಚಳಕದವರಿದ್ದಾರೆ.

ಪೊಲೀಸ್ ಪ್ರಯೋಗಾಲಯದವರ ಬಳಿ ಇನ್ನೊಂದು ಉಪಾಯವಿದೆ. ಪಂಚ್ ಬಡಿದಾಗ ಅಂಕಿಯ ತಳದ ಲೋಹವೂ ನಲುಗುತ್ತದೆ. ಅಂಕಿ ಉಜ್ಜಿದರೂ ನಲುಗಿದ ಪದರ ಉಳಿದಿದ್ದರೆ, ಆಮ್ಲ ಸವರಿದಾಗ ಅದು ಸುತ್ತಲಿನ ಲೋಹಕ್ಕಿಂತ ಬೇರೆ ರೀತಿ ಸವೆದು, ಹಳೆ ಅಂಕಿ ಮಬ್ಬಾಗಿ ಏಳುತ್ತದೆ. ಉಕ್ಕಿನ ಷಾಸಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎಂಜಿನ್ ಬ್ಲಾಕ್ ಎರಕದ ಕಬ್ಬಿಣದ್ದು. ಪೆಡಸು ಲೋಹ, ನಲುಗುವುದು ಕಡಿಮೆ, ಹಾಗಾಗಿ ಫಲಿತಾಂಶವೂ ಕಷ್ಟ.

ಕಾಗದದ ಸಾಕ್ಷಿ ಸಿಕ್ಕರೆ ಒಳ್ಳೆಯದೇ. ಕಾರಿಗೆ ಏನೇನು ಜೋಡಿಸಬೇಕೆಂದು ಪಟ್ಟಿ ಮಾಡಿದ ಕಾರ್ಖಾನೆಯ ಹಾಳೆ, ಅಂದರೆ ಬಿಲ್ಡ್ ಶೀಟ್, ಎಷ್ಟೋ ಶೆವೆಲ್‌ಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿದ್ದುಂಟು. ಅದರ ನಕಲನ್ನೂ ಅಚ್ಚು ಹಾಕುವವರಿರುವುದರಿಂದ, ಬಲ್ಲವರು ಮೊದಲು ಟ್ಯಾಂಕ್ ಇಳಿಸಿ, ಹಾಳೆಯನ್ನು ತಾವೇ ಎತ್ತಿ ನೋಡುತ್ತಾರೆ.