ಹದಿನೇಳು ಇಂಚಿನ ಆಸೆ, ಮಲೆನಾಡಿನ ರಸ್ತೆ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಯುವಕರೊಬ್ಬರು ತಮ್ಮ ಟರ್ಬೊ ಎಂಜಿನ್ನಿನ ಹ್ಯಾಚ್‌ಬ್ಯಾಕ್ ಕಾರನ್ನು ಶಿವಮೊಗ್ಗದ ನಮ್ಮ ಅಂಗಡಿಗೆ ತಂದು ನಿಲ್ಲಿಸಿದರು. ಮುಂದಿನ ಎಡಗಡೆ ಟಯರಿನ ಸೈಡ್‌ವಾಲ್ (ಪಕ್ಕದ ಗೋಡೆ) ಮೇಲೆ ಅರ್ಧ ನಿಂಬೆಹಣ್ಣಿನಷ್ಟು ಊತ ಎದ್ದಿತ್ತು. ಮಂಡಗದ್ದೆಯ ಹತ್ತಿರ ನೀರು ತುಂಬಿದ ಗುಂಡಿಗೆ ಚಕ್ರ ಇಳಿದು ಬಡಿದಿತ್ತಂತೆ. ಟಯರ್ ಬಿಚ್ಚಿ ಒಳಗೆ ಬೆರಳಾಡಿಸಿದಾಗ ಊತದ ಜಾಗದಲ್ಲಿ ಒಳಪದರ ಸಣ್ಣಗೆ ಸೀಳಿದ್ದು ಕೈಗೆ ಸಿಕ್ಕಿತು. ರಬ್ಬರಿನೊಳಗೆ ಹೆಣೆದ ಬಲದ ನೂಲುಗಳು ತುಂಡಾಗಿ, ಗಾಳಿಯ ಒತ್ತಡವನ್ನೆಲ್ಲ ಬರಿಯ ರಬ್ಬರು ತಡೆದುಕೊಂಡಿತ್ತು. ಇಂಥ ಟಯರಿಗೆ ಪಂಕ್ಚರ್ ಹಾಕಿ ಪ್ರಯೋಜನವಿಲ್ಲ, ಅದನ್ನು ಎಸೆಯಬೇಕು. ಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. "ಲುಕ್ ಚೆನ್ನಾಗಿರುತ್ತೆ ಅಂತ 17 ಇಂಚು ಹಾಕಿಸಿದ್ದೆ ಅಣ್ಣಾ" ಎಂದರು.

ಆ ಕಾರಿಗೆ ಕಂಪನಿ ಕೊಟ್ಟಿದ್ದು 195/55 ಆರ್16. ಅಂದರೆ ಟಯರಿನ ಅಗಲ 195 ಮಿ.ಮೀ., ಸೈಡ್‌ವಾಲಿನ ಎತ್ತರ ಆ ಅಗಲದ ಶೇ. 55, ಎಂದರೆ 107 ಮಿ.ಮೀ., ರಿಮ್ 16 ಇಂಚು. ಎಲ್ಲ ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಅವರು ಹಾಕಿಸಿಕೊಂಡಿದ್ದು 205/45 ಆರ್17, ಒಟ್ಟು ವ್ಯಾಸ 616 ಮಿ.ಮೀ. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆಯಾದ್ದರಿಂದ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಮಡ್‌ಗಾರ್ಡಿಗೆ ಉಜ್ಜುವ ಭಯವೂ ಇಲ್ಲ. ಆ ಮಟ್ಟಿಗೆ ಮಾರಿದವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸೈಡ್‌ವಾಲ್ 92 ಮಿ.ಮೀ.ಗೆ ಇಳಿದಿತ್ತು. ಗುಂಡಿಯ ಅಂಚು ಬಡಿದಾಗ ಮಡಚಿಕೊಂಡು ಪೆಟ್ಟು ನುಂಗಬೇಕಾದ ರಬ್ಬರಿನಲ್ಲಿ 15 ಮಿ.ಮೀ. ಹೋದ ಮೇಲೆ, ಗುಂಡಿಯ ಅಂಚಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿಕೊಂಡು ನೂಲು ಕತ್ತರಿಸಿದ್ದು ಆಶ್ಚರ್ಯವಲ್ಲ.

ಇನ್ನೊಂದು ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕಂಪನಿ ಕೊಟ್ಟ ಟಯರಿನ ಅಳತೆಯ ಮುಂದೆ ಬರೆದಿರುವ 87ವಿ ಎಂಬುದರಲ್ಲಿ 87 ಭಾರದ ಸೂಚ್ಯಂಕ: ಒಂದು ಟಯರ್ 545 ಕೆ.ಜಿ. ಹೊರಬಲ್ಲದು. 'ವಿ' ವೇಗದ ಮಿತಿ, ಗಂಟೆಗೆ 240 ಕಿ.ಮೀ. ವೇಗದ ಅಕ್ಷರ ನಮ್ಮ ಕಡೆ ಎಂದೂ ಪರೀಕ್ಷೆಗೆ ಬರುವುದಿಲ್ಲ. ಭಾರದ ಅಂಕಿ ಮಾತ್ರ ಮದುವೆಯ ಸೀಸನ್ನಿನಲ್ಲಿ ಐದು ಜನ ಕೂತು ಡಿಕ್ಕಿ ತುಂಬಿಸಿದ ದಿನವೇ ಪರೀಕ್ಷೆಗೆ ಬರುತ್ತದೆ. 205/45 ಆರ್17 ಸಾಮಾನ್ಯ ಮಾದರಿಯಲ್ಲಿ 84, ಅಂದರೆ 500 ಕೆ.ಜಿ. ಮಾತ್ರ. ಅದೇ ಅಳತೆಯ 'ಎಕ್ಸ್‌ಎಲ್' (ಹೆಚ್ಚು ಭಾರ ಹೊರುವ ಮಾದರಿ) ಗುರುತಿನ, 88 ಸೂಚ್ಯಂಕದ ಟಯರನ್ನು ಕೇಳಿ ಹಾಕಿಸಿಕೊಂಡಿದ್ದರೆ ಅಷ್ಟಾದರೂ ಸರಿಹೋಗುತ್ತಿತ್ತು. ಕಂಪನಿಯ ಸೂಚ್ಯಂಕಕ್ಕಿಂತ ಕೆಳಗಿನದನ್ನು ಬೆಲೆ ಕಡಿಮೆಯೆಂದು ಒಪ್ಪಿಕೊಳ್ಳಬಾರದು.

ಹಾಗಾದರೆ ಯಾವುದು ಸರಿ ಎಂದು ಕೇಳಿದರೆ, ಇಂಥ ಕಾರಿಗೆ ನಾನು ಸೂಚಿಸುವುದು ಅದೇ 16 ಇಂಚಿನ ರಿಮ್ಮಿಗೆ 205/55. ವ್ಯಾಸ 632 ಮಿ.ಮೀ., ಮೂಲಕ್ಕಿಂತ ಶೇ. 1.8 ಹೆಚ್ಚು, ಸೈಡ್‌ವಾಲ್ 113 ಮಿ.ಮೀ.; ಭಾರದ ಸೂಚ್ಯಂಕ ಸಾಮಾನ್ಯವಾಗಿ 91. ಮೊದಲು ಒಂದು ಟಯರನ್ನು ಮಾತ್ರ ಹಾಕಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗಿನ ಶಾಕ್ ಅಬ್ಸಾರ್ಬರಿಗೆ ತಾಗುವುದಿಲ್ಲವೆಂದು ಕಣ್ಣಾರೆ ನೋಡಿಯೇ ಉಳಿದವನ್ನು ಕೂರಿಸಬೇಕು. ಶೇ. 2ಕ್ಕಿಂತ ಮೇಲೆ ನಾನು ಹೋಗುವುದಿಲ್ಲ. 195/60 ಹಾಕಿಸಿದರೆ ಇನ್ನೂ ಎತ್ತರ ಸಿಗುತ್ತದೆಂದು ಕೇಳುವವರಿದ್ದಾರೆ. ಆಗ ವ್ಯಾಸ ಶೇ. 3ರಷ್ಟು ಹೆಚ್ಚಿ, ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ಕಾರು ಉಸಿರುಗಟ್ಟಿದಂತಾಗುತ್ತದೆ. ತೋಟದ ಮಣ್ಣುರಸ್ತೆಯಲ್ಲೇ ದಿನವೂ ಓಡಾಡುವವರಿಗೆ 185/65 ಆರ್15 ಇನ್ನೂ ಒಳ್ಳೆಯದು. ಒಟ್ಟು ವ್ಯಾಸ ಮೂಲದಷ್ಟೇ, ಸೈಡ್‌ವಾಲ್ 120 ಮಿ.ಮೀ. ಆದರೆ ಸ್ಪೋರ್ಟಿ ಮಾದರಿಗಳ ಬ್ರೇಕ್ ಕ್ಯಾಲಿಪರ್ (ಚಕ್ರದೊಳಗೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ದೊಡ್ಡದಿದ್ದರೆ 15 ಇಂಚಿನ ರಿಮ್ ಕೂರುವುದೇ ಇಲ್ಲ, ಕೂತರೂ ಸ್ಟೀರಿಂಗಿನ ಚುರುಕು ಒಂದಿಷ್ಟು ತಗ್ಗುತ್ತದೆ.

ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಒಣ ರಸ್ತೆಯ ಮಟ್ಟಿಗೆ ಬಹುಪಾಲು ನಿಜ. ಆದರೆ ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಕಾರಿನ ಭಾರ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ರಸ್ತೆಯ ಮೇಲೆ ನೀರು ನಿಂತಾಗ ಅಗಲವಾದ ಟಯರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ತಳ್ಳಲಾಗದ ಕ್ಷಣದಲ್ಲಿ ತೇಲುತ್ತದೆ. ಆಗುಂಬೆಯ ಮಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ರಿಮ್ಮಿಗೆ ಸುರಿಯುವ ಹಣವನ್ನು ಒಳ್ಳೆಯ ರಬ್ಬರಿಗೆ ಹಾಕಿ ಎನ್ನುತ್ತೇನೆ. ಅನೇಕ ಟಯರುಗಳ ಸೈಡ್‌ವಾಲ್ ಮೇಲೆ 'ಟ್ರೆಡ್‌ವೇರ್' ಎಂಬ ಅಂಕಿಯೂ 'ಟ್ರ್ಯಾಕ್ಷನ್' ಎಂಬ ಅಕ್ಷರವೂ ಇರುತ್ತವೆ. ಟ್ರೆಡ್‌ವೇರ್ ಅಂಕಿ ಹೆಚ್ಚಿದ್ದಷ್ಟೂ ಟಯರ್ ನಿಧಾನವಾಗಿ ಸವೆಯುತ್ತದೆ. ಟ್ರ್ಯಾಕ್ಷನ್ ಎಂಬುದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ, 'ಎಎ' ಎಲ್ಲಕ್ಕಿಂತ ಮೇಲು, 'ಸಿ' ಎಲ್ಲಕ್ಕಿಂತ ಕೆಳಗೆ. ಗಿರಾಕಿಗಳು ಎಷ್ಟು ಸಾವಿರ ಕಿ.ಮೀ. ಬರುತ್ತದೆ ಎಂದಷ್ಟೇ ಕೇಳುತ್ತಾರೆ, ಎರಡನೆಯದನ್ನು ಕೇಳಿದವರು ನನ್ನ ನೆನಪಿನಲ್ಲಿ ಕೆಲವರೇ. ಪೆಟ್ರೋಲ್ ಉಳಿಸುವ ನಕ್ಷತ್ರದ ಗುರುತು ನೋಡಿ ಮರುಳಾಗುವುದೂ ಬೇಡ. ಆ ನಕ್ಷತ್ರಗಳು ಟಯರ್ ಎಷ್ಟು ಹಗುರವಾಗಿ ಉರುಳುತ್ತದೆ ಎಂಬುದಕ್ಕೆ ಸಿಕ್ಕವು, ಒದ್ದೆ ನೆಲದ ಹಿಡಿತಕ್ಕಲ್ಲ.

ಗ್ರಿಪ್, ಅಂದರೆ ಟಯರಿನ ಮೇಲ್ಮೈಯ ಗೀರುಗಳ ಆಳ, ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು. ಹೊಸ ಟಯರಿನಲ್ಲಿ ಅದು ಸುಮಾರು 8 ಮಿ.ಮೀ. ಇರುತ್ತದೆ. ಬಯಲುಸೀಮೆಯವರು ಕಾನೂನಿನ ಮಿತಿಯವರೆಗೆ ಓಡಿಸಬಹುದೇನೋ. ನಮ್ಮಲ್ಲಿ 3 ಮಿ.ಮೀ.ಗೆ ಬಂದ ಟಯರನ್ನು ಮೃಗಶಿರಾ ಮಳೆಗೆ ಮುಂಚೆಯೇ ಬದಲಿಸಬೇಕು.

ಇನ್ನು ಎರಡೇ ಟಯರ್ ಬದಲಿಸುವವರ ವಿಷಯ. ಈ ಕಾರುಗಳಲ್ಲಿ ಎಂಜಿನ್ನಿನ ಬಲವೂ ಸ್ಟೀರಿಂಗೂ ಮುಂದಿನ ಚಕ್ರಕ್ಕೇ ಇರುವುದರಿಂದ ಮುಂದಿನವು ಬೇಗ ಸವೆಯುತ್ತವೆ, ಹೊಸ ಜೋಡಿಯನ್ನು ಮುಂದಕ್ಕೇ ಹಾಕುವುದು ಅನೇಕ ಅಂಗಡಿಗಳ ರೂಢಿ. ನನ್ನ ಅಂಗಡಿಯಲ್ಲಿ ಹೊಸವು ಹಿಂದಕ್ಕೆ ಹೋಗುತ್ತವೆ, ಹಿಂದಿನವು ಮುಂದಕ್ಕೆ ಬರುತ್ತವೆ. ಇದಕ್ಕೆ ಗಿರಾಕಿಗಳೊಂದಿಗೆ ವಾರಕ್ಕೊಮ್ಮೆಯಾದರೂ ವಾದ ನಡೆಯುತ್ತದೆ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ, ಸ್ಟೀರಿಂಗ್ ಹಗುರವಾದದ್ದು ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಹಾಗಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಕಾರಿನ ಭಾರ ಮೊದಲೇ ಮುಂದಕ್ಕೆ ಬಿದ್ದಿರುತ್ತದೆ. ಗಾಬರಿಯಲ್ಲಿ ಕಾಲು ತೆಗೆದರೆ ಹಿಂಭಾಗ ಇನ್ನೂ ಹಗುರವಾಗಿ ಕಾರು ಬುಗುರಿಯಂತೆ ಸುತ್ತುತ್ತದೆ.

ಕೊಳ್ಳುವಾಗ ತಯಾರಿಕೆಯ ತಾರೀಕನ್ನೂ ನೋಡಿ: ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ 2224 ಎಂದಿದ್ದರೆ ಅದು 2024ರ 22ನೇ ವಾರದ ಟಯರ್. ಗಾಳಿಯನ್ನು ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿರುವಷ್ಟೇ, ಟಯರ್ ತಣ್ಣಗಿದ್ದಾಗ ಹಿಡಿಸಬೇಕು. ಅಳತೆ ಬದಲಾಗಿದ್ದರೆ ಅಂಗಡಿಯವರನ್ನು ಕೇಳಿ.

ಆ ಯುವಕರು ಕೊನೆಗೆ ಹಳೆಯ 16 ಇಂಚಿನ ರಿಮ್ಮುಗಳನ್ನು ಮನೆಯ ಅಟ್ಟದಿಂದ ಇಳಿಸಿ ತಂದು 205/55 ಹಾಕಿಸಿಕೊಂಡರು. ಅಲೈನ್‌ಮೆಂಟ್ ಮುಗಿಸಿ ಕೀಲಿ ಕೊಡುವಾಗ ಎರಡು ಮಾತು ಹೇಳಿದೆ. ಹೊಸ ಟಯರಿನ ಮೇಲ್ಮೈಯಲ್ಲಿ ಅಚ್ಚಿನ ಜಾರುಪದಾರ್ಥ ಉಳಿದಿರುವುದರಿಂದ ಮೊದಲ 200 ಕಿ.ಮೀ. ಮೆಲ್ಲಗೆ ಓಡಿಸಿ, ಅಲ್ಲಿಯವರೆಗೆ ಘಾಟಿ ಇಳಿಯಬೇಡಿ. ತೀರ್ಥಹಳ್ಳಿಗೆ ಹೋಗಿ ಮರಳಿ ಬಂದಾಗ ಅಂಗಡಿಯ ಮುಂದೆ ಒಮ್ಮೆ ನಿಲ್ಲಿಸಿ, ಅಲಾಯ್ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ ಕೊಡುತ್ತೇನೆ.