ಒರೆಸಿದ ಎರಡೇ ದಿನಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಮತ್ತೆ ಧೂಳು ಏಕೆ?

ಪ್ರಶ್ನೆ: ಪ್ರತಿ ವಾರ ಕಾರಿನ ಒಳಭಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಪಾಲಿಶ್ ಹಚ್ಚಿ ಹೊಳೆಯುವಂತೆ ಮಾಡುತ್ತೇನೆ. ಆದರೂ ಎರಡೇ ದಿನಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಧೂಳಿನ ಪದರ ಕೂರುತ್ತದೆ. ಧೂಳು ಕೂರದಂತೆ ತಡೆಯುವ ಒಳ್ಳೆಯ ಪಾಲಿಶ್ ಯಾವುದು?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನ್ನ ಬಳಿ ಇಲ್ಲ. ಕೇಳುವವರು ಬದಲಾಗುತ್ತಾರೆ, ಕಾರುಗಳು ಬದಲಾಗುತ್ತವೆ, ಕೊನೆಯ ವಾಕ್ಯ ಮಾತ್ರ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ. ನೀವು ಹಚ್ಚುತ್ತಿರುವ ಪಾಲಿಶೇ ಧೂಳನ್ನು ಹಿಡಿದಿಡುತ್ತಿದೆ. ಅದನ್ನು ನಿಲ್ಲಿಸಿದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಹೊಳೆಯುವುದೇ ಸ್ವಚ್ಛ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಪಾತ್ರೆಗೂ ನೆಲಕ್ಕೂ ಅದು ಒಪ್ಪುವ ಮಾತು. ಡ್ಯಾಶ್‌ಬೋರ್ಡಿಗೆ ಒಪ್ಪುವುದಿಲ್ಲ. ಸೂರ್ಯನ ಬೆಳಕು ಮುಂಗಾಜಿಗೆ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಹೊಡೆಯಬಾರದು ಎಂಬ ಕಾರಣಕ್ಕೇ ತಯಾರಕರು ಅದರ ಮೇಲ್ಮೈಯನ್ನು ಸಣ್ಣ ತರಿಗಳಿಂದ ಕೂಡಿದ, ಮಂಕಾದ ಪದರವಾಗಿ ರೂಪಿಸಿರುತ್ತಾರೆ. ಹೊಳಪು ಕೊಡುವ ಅನೇಕ ಪಾಲಿಶ್‌ಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಈ ಎಣ್ಣೆ ನೀರಿನಂತೆಯೋ ಸ್ಪಿರಿಟ್‌ನಂತೆಯೋ ಆವಿಯಾಗಿ ಹೋಗುವಂಥದ್ದಲ್ಲ. ದ್ರಾವಣದ ಉಳಿದ ಭಾಗ ಆರಿದ ಮೇಲೂ ತೆಳುವಾದ ಜಿಡ್ಡಾಗಿ ಆ ತರಿಗಳ ನಡುವೆ ನಿಂತುಬಿಡುತ್ತದೆ. ಒಣ ಮೇಲ್ಮೈಯ ಮೇಲೆ ಬಿದ್ದ ಧೂಳು ಒಂದು ಒರೆತಕ್ಕೆ ಎದ್ದು ಬರುತ್ತದೆ. ಜಿಡ್ಡಿನ ಮೇಲೆ ಬಿದ್ದದ್ದು ಅಲ್ಲೇ ಅಂಟುತ್ತದೆ, ಅದರ ಮೇಲೆ ನೀವು ಮತ್ತೆ ಪಾಲಿಶ್ ಹಚ್ಚುತ್ತೀರಿ, ಹೀಗೆ ವಾರವಾರವೂ ಪದರದ ಮೇಲೆ ಪದರ ಬೆಳೆಯುತ್ತದೆ.

ನನ್ನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಕೇಳಿದವರಿಗೆಲ್ಲ ನಾನು ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಡ್ಯಾಶ್‌ಬೋರ್ಡನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪೂರ್ತಿ ಒರೆಸಿ, ಎಡಭಾಗಕ್ಕೆ ಮಾತ್ರ ಪಾಲಿಶ್ ಹಚ್ಚಿ, ಬಲಭಾಗವನ್ನು ಹಾಗೆಯೇ ಬಿಡಿ. ಒಂದು ವಾರದ ನಂತರ ಎರಡೂ ಕಡೆ ಬೆರಳಿನಿಂದ ಒಂದೊಂದು ಗೆರೆ ಎಳೆದು ನೋಡಿ. ಬಲಗಡೆ ಬೆರಳಿಗೆ ಬರುವುದು ಊದಿದರೆ ಹಾರಿಹೋಗುವ ಬೂದು ಪುಡಿ. ಎಡಗಡೆ ಬರುವುದು ಉಜ್ಜಿದರೆ ಉರುಳೆಯಾಗುವ ಕಪ್ಪು ಮೆತ್ತು.

ಇಷ್ಟು ಹೇಳಿದ ಮೇಲೂ ಒಂದು ವಾದ ಬಂದೇ ಬರುತ್ತದೆ: "ಪಾಲಿಶ್ ಇಲ್ಲದಿದ್ದರೆ ಬಿಸಿಲಿಗೆ ಪ್ಲಾಸ್ಟಿಕ್ ಬಿರುಕು ಬಿಡುವುದಿಲ್ಲವೇ?" ಬಿಸಿಲಿನಿಂದ ರಕ್ಷಣೆ ಸಿಗಬೇಕಾದರೆ ನೇರಳಾತೀತ ಕಿರಣಗಳನ್ನು ಹೀರುವ ಅಂಶ ಆ ದ್ರಾವಣದಲ್ಲಿ ಇರಬೇಕು. ಹೊಳಪಿಗೂ ಆ ಗುಣಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲದೆ, ಕಾರಿನ ಮುಂಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಅಂಟಿಸಿದ ಗಾಜಾದ್ದರಿಂದ, ನೇರಳಾತೀತ ಕಿರಣಗಳ ಬಹುಪಾಲನ್ನು ಅದೇ ತಡೆಯುತ್ತದೆ. ಡ್ಯಾಶ್‌ಬೋರ್ಡನ್ನು ಹೆಚ್ಚಾಗಿ ಬಳಲಿಸುವುದು ಶಾಖ. ಸುಡುಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದರ ತಾಪ 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅದಕ್ಕೆ ಮದ್ದು ನೆರಳು, ನೆರಳಿಲ್ಲದ ಕಡೆ ಮುಂಗಾಜಿಗೆ ಅಡ್ಡ ಇಡುವ ಪರದೆ. ಇನ್ನು ಸ್ಟೀರಿಂಗ್, ಪೆಡಲ್ ಮತ್ತು ಗೇರ್ ಹಿಡಿಗೆ ಜಿಡ್ಡಿನ ಪಾಲಿಶನ್ನು ಎಂದಿಗೂ ಹಚ್ಚಬೇಡಿ. ಬ್ರೇಕ್ ಒತ್ತುವ ಕ್ಷಣದಲ್ಲಿ ಕಾಲು ಜಾರಿದರೆ ಆಗುವ ಅನಾಹುತವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಒಣಬಟ್ಟೆಯ ಅಭ್ಯಾಸವೂ ಧೂಳಿಗೆ ಸಹಾಯ ಮಾಡುತ್ತಿದೆ. ಒಣಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿದ್ದೇವೆ. ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ತಿಕ್ಕಿದಾಗಲೂ ಅದೇ ಸ್ಥಿರ ವಿದ್ಯುತ್ತು ಹುಟ್ಟಿ, ಗಾಳಿಯಲ್ಲಿ ತೇಲುವ ಕಣಗಳನ್ನು ಸೆಳೆಯುತ್ತದೆ. ಬಟ್ಟೆಯಲ್ಲಿ ತುಸು ತೇವವಿದ್ದರೆ ಆ ವಿದ್ಯುತ್ತು ಮೇಲ್ಮೈಯಲ್ಲಿ ಉಳಿಯುವುದಿಲ್ಲ. ಇದಕ್ಕಿಂತ ದೊಡ್ಡ ಹಾನಿ ಗೀರುಗಳದು. ರಸ್ತೆಯ ಧೂಳಿನಲ್ಲಿ ಸ್ಫಟಿಕಶಿಲೆಯ, ಎಂದರೆ ಮರಳಿನ, ಕಣಗಳಿರುತ್ತವೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಸ್ಫಟಿಕಶಿಲೆಯದು 7, ಸಾಮಾನ್ಯ ಗಾಜಿನದು 5.5ರ ಆಸುಪಾಸು, ಮೀಟರ್‌ಗಳ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಮೆದು. ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ಆ ಪ್ಲಾಸ್ಟಿಕ್ಕನ್ನು ಒಮ್ಮೆ ನೋಡಿ. ಜೇಡನ ಬಲೆಯಂತೆ ಸುತ್ತುಸುತ್ತಾಗಿ ಹೊಳೆಯುವ ಕೂದಲೆಳೆಯ ಗೀರುಗಳು ಕಂಡರೆ, ಅವು ಒಣಬಟ್ಟೆಯ ಕೆಲಸ.

ಸರಿಯಾದ ಕ್ರಮ ಸರಳವಾಗಿದೆ. ಮೊದಲು ಮ್ಯಾಟ್‌ಗಳನ್ನು ಹೊರಗೆ ತೆಗೆದು, ಬಾಗಿಲುಗಳನ್ನು ತೆರೆದು, ಎಸಿಯ ಫ್ಯಾನನ್ನು ಒಂದು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿ. ನಂತರ ಮೇಲಿನಿಂದ ಕೆಳಕ್ಕೆ ಬನ್ನಿ. ಒಂದು ಕೈಯಲ್ಲಿ ಮೃದುವಾದ ಪೇಂಟ್ ಬ್ರಷ್ ಹಿಡಿದು ಎಸಿ ಕಿಂಡಿ ಮತ್ತು ಗುಂಡಿಗಳ ಸಂದುಗಳಲ್ಲಿ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಯನ್ನು ಪಕ್ಕದಲ್ಲೇ ಹಿಡಿಯಿರಿ. ಬ್ರಷ್‌ನ ಲೋಹದ ಪಟ್ಟಿ ತಾಗಿ ಗೀರಾಗದಂತೆ ಅದಕ್ಕೆ ಟೇಪ್ ಸುತ್ತಿರಿ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಸೌಮ್ಯವಾದ ಸೋಪು ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಒತ್ತದೆ ಒರೆಸಿ, ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸಿ. ಹಳೆಯ ಪಾಲಿಶ್‌ನ ಜಿಡ್ಡು ಹೋಗಲು ಎರಡು ಮೂರು ಸಲ ಒರೆಸಬೇಕಾದೀತು. ದ್ರಾವಣವನ್ನು ಗುಂಡಿಗಳ ಮೇಲಾಗಲಿ ಟಚ್‌ಸ್ಕ್ರೀನ್ ಮೇಲಾಗಲಿ ನೇರವಾಗಿ ಸಿಂಪಡಿಸಬೇಡಿ. ಸೀಟುಗಳ ನಂತರ, ಎಲ್ಲಕ್ಕಿಂತ ಕೊನೆಗೆ ನೆಲ. ಒಳಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಅನೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್‌ನ ಹಿಂದೆಯೇ ಇರುತ್ತದೆ. ಅದು ಧೂಳಿನಿಂದ ಕಟ್ಟಿಕೊಂಡಿದ್ದರೆ ಬದಲಾಯಿಸಿ.

ಯಾರೂ ಕೇಳದಿದ್ದರೂ ಒಂದು ವಿಷಯವನ್ನು ಹೇಳಲೇಬೇಕು. ಮುಂಗಾಜಿನ ಒಳಮೈಯಲ್ಲಿ ಕಾಣುವ ಮಬ್ಬನ್ನೂ ಹಲವರು ಧೂಳೆಂದೇ ತಿಳಿದಿದ್ದಾರೆ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಸೇರಿಸಿದ ರಾಸಾಯನಿಕಗಳು ಶಾಖಕ್ಕೆ ಸ್ವಲ್ಪಸ್ವಲ್ಪವೇ ಆವಿಯಾಗಿ ಗಾಜಿನ ಮೇಲೆ ಕೂತು ಈ ಜಿಡ್ಡು ಮಬ್ಬನ್ನು ಮಾಡುತ್ತವೆ. ಹೊಸ ಕಾರಿನಲ್ಲಿ ಇದು ಹೆಚ್ಚು. ಎದುರಿನ ವಾಹನದ ದೀಪ ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ದಾರಿ ಕಾಣದಂತಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡ್ಯಾಶ್‌ಬೋರ್ಡ್ ಒರೆಸಿದ ಬಟ್ಟೆಯನ್ನು ಗಾಜಿಗೆ ಮುಟ್ಟಿಸಬೇಡಿ. ಅದರ ಜಿಡ್ಡು ಗಾಜಿಗೂ ಹತ್ತುತ್ತದೆ. ಬೇರೆಯೇ ಒದ್ದೆಬಟ್ಟೆಯಿಂದ ಒರೆಸಿ, ಕೂಡಲೇ ಇನ್ನೊಂದು ಒಣಬಟ್ಟೆಯಿಂದ ಮುಗಿಸಿ. ಒಳಗಡೆ ಮೇಲಿನಿಂದ ಕೆಳಕ್ಕೆ, ಹೊರಗಡೆ ಎಡದಿಂದ ಬಲಕ್ಕೆ ಒರೆಸಿದರೆ, ಉಳಿದ ಗೆರೆ ಗಾಜಿನ ಯಾವ ಮೈಯಲ್ಲಿದೆ ಎಂಬುದು ಅದರ ದಿಕ್ಕಿನಿಂದಲೇ ತಿಳಿಯುತ್ತದೆ.